ಹೊರಗಿನ ಚಿಲಕ ಮತ್ತು ಒಂದು ತಮಿಳು ಮ್ಯಾಟಿನಿ

ಭಾನುವಾರ ಮಧ್ಯಾಹ್ನ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಪ್ರೊಜೆಕ್ಟರಿನ ಬೆಳಕಿನಲ್ಲಿ ಹೊಗೆ ಕಂಡಿತು. ಗಡಿಯಾರ ನೋಡಿದ್ದು ಹೊಗೆಗಾಗಿ ಅಲ್ಲ. ಚಹಾ ಯಾಕೆ ಇನ್ನೂ ಬರಲಿಲ್ಲ ಎಂದು ನೋಡಿದ್ದೆ. ಕ್ಯಾಬಿನ್ನಿನ ಕಿಂಡಿಯಿಂದ ಪರದೆಯವರೆಗೆ ಹೋಗುವ ಬೆಳಕಿನೊಳಗೆ ತೆಳ್ಳಗಿನ ಒಂದು ಎಳೆ ಕೆಳಗಿನಿಂದ ಎದ್ದು, ಹೊರಳಿ, ಮತ್ತೆ ಕತ್ತಲಿಗೆ ಹೋಯಿತು. ಎಲ್ಲರೂ ಒಳಗೇ ಬೀಡಿ ಸೇದುತ್ತಿದ್ದ ಕಾಲದಲ್ಲಿ ಬೆಳಕು ಯಾವಾಗಲೂ ಹೀಗೆಯೇ ಇರುತ್ತಿತ್ತು. ಹಳೆಯ ಸಿನಿಮಾಕ್ಕೆ ಬಂದ ಯಾವನೋ ಮುದುಕ ಹಳೆಯ ಚಟವನ್ನೂ ಜೊತೆಗೆ ತಂದಿದ್ದಾನೆ ಎಂದು ಬೈದುಕೊಂಡೆ. ಆಮೇಲೆ ವಾಸನೆ ಬಂತು. ಅದು ಬೀಡಿಯದಾಗಿರಲಿಲ್ಲ. ಸುಡುತ್ತಿರುವ ತೆಂಗಿನ ನಾರು, ಅದರ ಜೊತೆ ಬ್ಯಾಟರಿಯ ಹುಳಿ ವಾಸನೆ.

ಹಳಿಯಾಳದ ಇಬ್ಬರು ಹುಡುಗರು ಎರಡು ಪರದೆಯ ಸಣ್ಣ ಥಿಯೇಟರ್ ಮಾಡುತ್ತಿದ್ದಾರೆ. ದಾಂಡೇಲಿಯಲ್ಲಿ ನಾನು ಜೀವಮಾನವೆಲ್ಲ ಸಿನಿಮಾ ತೋರಿಸಿದವನೆಂದು ಕೇಳಿ ಮನೆಗೆ ಬಂದಿದ್ದರು. "ಸರ, ನಿಮ್ಮ ಅನುಭವ ಬರದ್ ಕೊಡ್ರಿ, ನಮಗ ಉಪಯೋಗ ಆಗ್ತೈತಿ" ಅಂದರು. ಅವರಿಗೆ ಬೇಕಾಗಿದ್ದದ್ದು ಕಾರ್ಬನ್ ಕಡ್ಡಿ ಉರಿಸಿ ಸಿನಿಮಾ ಬಿಡುತ್ತಿದ್ದ ಕಾಲದ ಸೊಗಸಾದ ಕತೆಗಳು. ಬರೆಯಲು ಕೂತರೆ ನನಗೆ ಚಿಲಕವೇ ಕಣ್ಣ ಮುಂದೆ ಬರುತ್ತದೆ. ಅವರು ಕ್ಷಮಿಸಬೇಕು.

ಆದರೂ ಅವರು ಕೇಳಿದ್ದನ್ನು ಸ್ವಲ್ಪ ಹೇಳುತ್ತೇನೆ. ನಾನು ಓದಿದ್ದು ಬಿ.ಎಸ್ಸಿ. ಫಿಸಿಕ್ಸ್ ಓದಿದ ಮಗ ಸಿನಿಮಾ ಆಪರೇಟರ್ ಆದನೆಂದು ಅಪ್ಪ ಬಹಳ ದಿನ ನನ್ನ ಜೊತೆ ಮಾತು ಬಿಟ್ಟಿದ್ದರು. ಅವರು ಧಾರವಾಡದ ಕಡೆಯಿಂದ ಬಂದು ಇಲ್ಲಿಯ ಕಾಗದ ಕಾರ್ಖಾನೆಯಲ್ಲಿ ಶಿಫ್ಟು ದುಡಿಯುತ್ತಿದ್ದವರು. ಮಗನೂ ಕಾರ್ಖಾನೆ ಸೇರಿ ಅದರ ಕಾಲೊನಿ ಬಂಗೂರನಗರದಲ್ಲಿ ಕ್ವಾರ್ಟರ್ಸ್ ಹಿಡಿಯಲಿ ಎಂದು ಅವರಿಗಿತ್ತು. ನನಗೆ ಕತ್ತಲೆಯ ಕೋಣೆ, ಉರಿಯುವ ಕಾರ್ಬನ್ನು, ರೀಲು ತಿರುಗುವ ಸದ್ದು ಇಷ್ಟವಾಗಿದ್ದವು. ಅಷ್ಟೇ.

ಆಗ ಹಳಿಯಾಳಕ್ಕೂ ದಾಂಡೇಲಿಗೂ ಸೇರಿ ಒಂದೇ ಪ್ರಿಂಟು ಬರುತ್ತಿತ್ತು. ಅಲ್ಲಿ ಮೊದಲರ್ಧ ಮುಗಿದ ಕೂಡಲೇ ರೀಲಿನ ಡಬ್ಬಿಗಳನ್ನು ಬಸ್ಸಿಗೆ ಹಾಕಿ ಕಳಿಸುತ್ತಿದ್ದರು. ಒಮ್ಮೆ ಒಂದು ತಾಯಿಯ ಕತೆಯ ಸಿನಿಮಾದಲ್ಲಿ ಮಧ್ಯಂತರಕ್ಕೆ ಸರಿಯಾಗಿ ತಾಯಿ ಸತ್ತಳು. ಮುಂದಿನ ಡಬ್ಬಿಗಳು ಮಾತ್ರ ಬರಲಿಲ್ಲ. ಕಂಡಕ್ಟರ್ ಅವುಗಳನ್ನು ಇಳಿಸುವುದನ್ನು ಮರೆತಿದ್ದ, ಬಸ್ಸು ಜೋಯಿಡಾ ದಾರಿ ಹಿಡಿದಿತ್ತು. ಜನ ಕುರ್ಚಿ ಬಡಿಯತೊಡಗಿದಾಗ ನಮ್ಮ ಮಾಲಕರು ಕ್ಯಾಬಿನ್ನಿಗೆ ಓಡಿ ಬಂದರು.

"ಏನರ ಹಾಕೋ ಮಾರಾಯ!"

"ಏನ್ ಹಾಕ್ಲಿರಿ? ತೋರಿಸಿದ್ದ ರೀಲ್ ಅಷ್ಟ ಅದಾವು."

"ಅದನ್ನ ಹಾಕು!"

ಹಾಕಿದೆ. ಸತ್ತ ತಾಯಿ ಎದ್ದು ಬಂದು ಒಲೆಯ ಮುಂದೆ ಕೂತು ರೊಟ್ಟಿ ತಟ್ಟತೊಡಗಿದಳು. ಜನ ಶಿಳ್ಳೆ ಹೊಡೆದು ಚಪ್ಪಾಳೆ ತಟ್ಟಿದರು. "ನೋಡಿದ್ಯಾ, ಖುಷಿ ಆದ್ರು" ಅಂದರು ಮಾಲಕರು. ಅವರ ಬುದ್ಧಿಯ ಅಳತೆ ನನಗೆ ಅವತ್ತೇ ಸಿಗಬೇಕಿತ್ತು.

ಅಳುವ ಸಿನಿಮಾದ ಮೇಲೆ ಅವರಿಗೆ ವಿಶೇಷ ಪ್ರೀತಿ. ಹೊಸ ಚಿತ್ರ ಹಾಕಿದ ದಿನ ಒಳಗೆ ಕೂತು ನೋಡುತ್ತಿರಲಿಲ್ಲ. ಹೊರಗೆ ವರಾಂಡದಲ್ಲಿ ಕುರ್ಚಿ ಹಾಕಿಸಿಕೊಂಡು ಗೋಡೆಗೆ ಕಿವಿ ಕೊಟ್ಟು ಕೂರುತ್ತಿದ್ದರು. ಒಳಗೆ ಹೆಂಗಸರು ಬಿಕ್ಕುವ ಸದ್ದು ಕೇಳಿದರೆ ಮುಖ ಅರಳುತ್ತಿತ್ತು. "ಹೆಣ್ಮಕ್ಕಳು ಅತ್ರ ಸಿನಿಮಾ ಓಡ್ತೈತಿ" ಎನ್ನುವುದು ಅವರ ಲೆಕ್ಕ. ಜೋರಾಗಿ ಅತ್ತರೆ ಹುಬ್ಬಳ್ಳಿಯ ವಿತರಕರಿಗೆ ಫೋನ್ ಮಾಡಿ ಇನ್ನೊಂದು ವಾರ ಪ್ರಿಂಟು ಉಳಿಸಿಕೊಳ್ಳುತ್ತಿದ್ದರು. ಗೇಟ್‌ಕೀಪರ್ ಕಲ್ಲಪ್ಪ, ಮುಂಡಗೋಡದ ಕಡೆ ಸನವಳ್ಳಿಯವನು, ಈ ವಿದ್ಯೆಯನ್ನು ಪೂರ್ತಿ ಕಲಿತುಬಿಟ್ಟಿದ್ದ. ಮಾಲಕರು ಊರಲ್ಲಿಲ್ಲದಾಗ ಅವನೇ ಕಿವಿ ಕೊಟ್ಟು ಕೇಳಿ ವರದಿ ಒಪ್ಪಿಸುತ್ತಿದ್ದ: "ಮೊದ್ಲನೇ ಶೋ ಸುಮಾರ್ ಅತ್ರರಿ. ಎರಡನೇದ್ದು ಚಲೋ ಅತ್ರು."

ಇನ್ನು ಚಿಲಕ. ನಮ್ಮ ಥಿಯೇಟರಿಗೆ ಜನ ಒಳಬರುವುದು ಮುಂದಿನ ಒಂದು ಬಾಗಿಲಿನಿಂದ. ಹೊರಹೋಗುವುದು ಪಕ್ಕದ ಗೋಡೆಯಲ್ಲಿರುವ ಎರಡು ದೊಡ್ಡ ಬಾಗಿಲುಗಳಿಂದ. ಅವು ನೇರ ಹೊರಗಿನ ಓಣಿಗೆ ತೆರೆಯುತ್ತವೆ. ಮ್ಯಾಟಿನಿಯಲ್ಲಿ ಯಾರಾದರೂ ಎಲೆಯಡಿಕೆ ಉಗುಳಲು ಆ ಬಾಗಿಲು ತೆರೆದರೆ ಸಾಕು, ಬಿಸಿಲು ಸೀದಾ ಪರದೆಗೆ ಬಿದ್ದು ನಾಯಕನ ಮುಖವೇ ಮಾಯವಾಗುತ್ತಿತ್ತು. ಜನ ಕೂಗುತ್ತಿದ್ದರು, ಜಗಳವಾಗುತ್ತಿತ್ತು. ತೆರೆದ ಸಂದಿನಲ್ಲಿ ಪುಕ್ಕಟೆ ನುಗ್ಗುವವರೂ ಇದ್ದರು. ಅದಕ್ಕೆ ಮಾಲಕರು ಕಂಡುಕೊಂಡ ಉಪಾಯವೆಂದರೆ ಬಾಗಿಲಿಗೆ ಹೊರಗಿನಿಂದ ಚಿಲಕ. ಸಿನಿಮಾ ಶುರುವಾದಾಗ ಕಲ್ಲಪ್ಪ ಸುತ್ತು ಹಾಕಿ ಎರಡಕ್ಕೂ ಚಿಲಕ ಜಡಿಯುತ್ತಿದ್ದ. ಕೊನೆಯ ದೃಶ್ಯದ ಸಂಗೀತ ಕೇಳಿದ ಮೇಲೆ ಹೋಗಿ ತೆಗೆಯುತ್ತಿದ್ದ. ಒಳಗಿದ್ದವರಿಗೆ ಇದು ಗೊತ್ತೇ ಆಗುತ್ತಿರಲಿಲ್ಲ. ಅವರು ಏಳುವ ಹೊತ್ತಿಗೆ ಬಾಗಿಲು ತೆರೆದೇ ಇರುತ್ತಿತ್ತು.

ನಾನು ಹೇಳಲಿಲ್ಲವೇ? ಬಾಯಿ ಒಣಗುವಷ್ಟು ಹೇಳಿದೆ. ಅಧಿಕಾರಿಗಳು ತಪಾಸಣೆಗೆ ಬರುತ್ತಾರೆಂದು ಗೊತ್ತಾದ ದಿನ ಚಿಲಕ ಬಿಚ್ಚಿಡುತ್ತಿದ್ದರು. ಬಂದವರು ಬಾಗಿಲು ತೆಗೆದು ಹಾಕಿ ನೋಡಿ, ಸೋಡಾ ಕುಡಿದು, ಯಾವ ಸಿನಿಮಾ ಬರುತ್ತದೆಂದು ಕೇಳಿ ಹೋಗುತ್ತಿದ್ದರು. ಅವರ ಜೀಪು ತಿರುವು ದಾಟುವುದಕ್ಕೂ ಮುಂಚೆ ಕಲ್ಲಪ್ಪ ಸ್ಕ್ರೂಡ್ರೈವರ್ ಹಿಡಿದು ನಿಂತಿರುತ್ತಿದ್ದ.

ಕಾರ್ಬನ್ ಹೋಗಿ ಬಲ್ಬು ಬಂತು, ರೀಲು ಹೋಗಿ ಡಿಜಿಟಲ್ ಬಂತು. ಆಗ ಮಾಲಕರಿಗೆ ಇನ್ನೂ ಒಂದು ವಾದ ಸಿಕ್ಕಿತು. "ಈಗ ಬೆಂಕಿ ಎಲ್ಲಿಂದ ಬರ್ತೈತಿ? ಕಾರ್ಬನ್ ಐತೇನು? ರೀಲ್ ಐತೇನು? ನೀ ಓದಿದಾವ, ನೀನ ಹೇಳು." ಹೇಳಿದೆ. ಹೊಸ ಯಂತ್ರಕ್ಕೆಂದು ತರಿಸಿದ ಬ್ಯಾಟರಿಗಳನ್ನು ಪರದೆಯ ಕೆಳಗಿನ ಪೊಳ್ಳು ಜಾಗದಲ್ಲಿ ಇಡಬೇಡಿ, ಅಲ್ಲಿ ಮುರಿದ ಹಳೆಯ ಕುರ್ಚಿಗಳಿವೆ, ಅವುಗಳ ತುಂಬ ತೆಂಗಿನ ನಾರಿದೆ, ಪೋಸ್ಟರುಗಳ ರಾಶಿಯಿದೆ ಎಂದೆ. "ಅದ ಜಾಗಾ ಖಾಲಿ ಐತಿ" ಅಂದರು. ಖಾಲಿ ಎನ್ನುವ ಮಾತಿಗೆ ಅವರಲ್ಲಿ ಬೇರೆಯೇ ಅರ್ಥವಿತ್ತು.

ಆ ಭಾನುವಾರದ ಸಿನಿಮಾ ಮುನಿಯಮ್ಮನಿಂದಾಗಿ ಬಂದದ್ದು. ದಾಂಡೇಲಿಯಲ್ಲಿ ತಮಿಳರ ಮನೆಗಳು ಮೊದಲಿನಿಂದಲೂ ಇವೆ. ಕಾಳಿ ನದಿಗೆ ಅಣೆಕಟ್ಟು ಕಟ್ಟುವಾಗ ಕೆಲಸಕ್ಕೆಂದು ಬಂದ ಎಷ್ಟೋ ಜನ ಇಲ್ಲೇ ಉಳಿದರು. ಮುನಿಯಮ್ಮ ಅಲ್ಲಿ ಕಲ್ಲು ಹೊರುವ ಹೆಂಗಸರ ಮೇಸ್ತ್ರಿಯಾಗಿದ್ದವಳು. ಈಗ ಮೊಮ್ಮಕ್ಕಳ ಮಕ್ಕಳನ್ನು ಕಂಡ ಮುದುಕಿ. ಮಂಡಿ ಹಿಡಿದುಕೊಂಡು ನಡೆಯಲಾರಳು, ದನಿ ಮಾತ್ರ ಹಾಗೆಯೇ ಇದೆ. ಮದುವೆಗೆ ಮುಂಚೆ ತನ್ನೂರಿನಲ್ಲಿ ನೋಡಿದ್ದ ಒಂದು ಕಪ್ಪು-ಬಿಳುಪು ಸಿನಿಮಾವನ್ನು ಸಾಯುವುದರೊಳಗೆ ದೊಡ್ಡ ಪರದೆಯ ಮೇಲೆ ಇನ್ನೊಮ್ಮೆ ನೋಡಬೇಕೆಂದು ಹಟ ಹಿಡಿದಿದ್ದಳು. ಹಳೆಯ ಚಿತ್ರಗಳನ್ನು ತೊಳೆದು ಹೊಸದು ಮಾಡಿ ಮತ್ತೆ ಬಿಡುತ್ತಿರುವ ಕಾಲವಾದ್ದರಿಂದ ಅದೂ ಸಿಕ್ಕಿತು. ಉಪ್ಪಿನ ಗದ್ದೆಯಲ್ಲಿ ದುಡಿದು ಮಗನನ್ನು ಓದಿಸುವ ವಿಧವೆಯ ಕತೆ. ಮಗ ದೊಡ್ಡವನಾಗಿ ಅದೇ ಗದ್ದೆಗೆ ಅಧಿಕಾರಿಯಾಗಿ ಬರುತ್ತಾನೆ, ತಾಯಿಯನ್ನು ಗುರುತಿಸುವುದಿಲ್ಲ, ಅವಳೂ ಹೇಳುವುದಿಲ್ಲ. ಕೊನೆಗೆ ಉಪ್ಪಿನ ಬುಟ್ಟಿ ಹೊತ್ತುಕೊಂಡೇ ಅವನ ಕಾಲಬುಡದಲ್ಲಿ ಬಿದ್ದು ಸಾಯುತ್ತಾಳೆ. ತಮಿಳು ಬಾರದ ನಾನೂ ಪರೀಕ್ಷೆಗೆಂದು ಹಾಕಿದವನು ಕೊನೆಯವರೆಗೆ ಕೂತು ನೋಡಿದ್ದೆ.

ಮಾಲಕರ ಉತ್ಸಾಹ ಕೇಳಬೇಡಿ. "ಇವತ್ತ ನೋಡು, ಗ್ವಾಡಿ ಒಡೀಬೇಕು ಅಳು" ಎನ್ನುತ್ತ ವರಾಂಡದಲ್ಲಿ ಕುರ್ಚಿ ಹಾಕಿಸಿಕೊಂಡರು. ಥಿಯೇಟರಿನ ಕುರ್ಚಿ ತಗ್ಗು, ಕೂತರೆ ಏಳಲಾಗುವುದಿಲ್ಲವೆಂದು ಮುನಿಯಮ್ಮ ಮನೆಯಿಂದಲೇ ಪ್ಲಾಸ್ಟಿಕ್ ಕುರ್ಚಿ ತಂದಿದ್ದಳು. ಅದನ್ನು ಪಕ್ಕದ ಬಾಗಿಲಿಗೆ ಹತ್ತಿಕೊಂಡೇ ಹಾಕಿಸಿದೆವು. ನನ್ನ ಹೆಂಡತಿ ಸುಮಿತ್ರಾ ಅವತ್ತು ಬರುವವಳಿದ್ದಳು. ಅಳುವ ಸಿನಿಮಾ ಒಲ್ಲೆ ಎಂದು ಮನೆಯಲ್ಲೇ ಉಳಿದಳು.

ಹೊಗೆ ಕಂಡ ಕ್ಷಣಕ್ಕೆ ಬರುತ್ತೇನೆ. ಇಂಥ ಹೊತ್ತಿನಲ್ಲಿ ಆಪರೇಟರ್ ಮೊದಲು ಬಾಗಿಲು ತೆರೆಸಬೇಕು, ಆಮೇಲೆ ದೀಪ ಹಾಕಬೇಕು, ಕೊನೆಗೆ ಚಿತ್ರ ನಿಲ್ಲಿಸಬೇಕು. ಚಿತ್ರ ಮೊದಲು ನಿಂತರೆ ಕತ್ತಲಲ್ಲಿ ಜನ ಒಬ್ಬರನ್ನೊಬ್ಬರು ತುಳಿಯುತ್ತಾರೆ. ಅದಕ್ಕೇ ಕಲ್ಲಪ್ಪನಿಗೆ ಫೋನ್ ಮಾಡಿದೆ. ಅಷ್ಟರಲ್ಲಿ ಮುಂದಿನ ಸಾಲಿನವರು ಎದ್ದು ಕೂಗುತ್ತಿದ್ದರು. ಪರದೆಯ ಮೇಲೆ ತಾಯಿಯೂ ಎದೆ ಬಡಿದುಕೊಂಡು ಅಳುತ್ತಿದ್ದಳು.

"ಕೇಳಾಕತ್ತೈತ್ರಿ, ಕೇಳಾಕತ್ತೈತಿ!" ಅಂದ ಕಲ್ಲಪ್ಪ, ನಾನು ಬಾಯಿ ತೆರೆಯುವ ಮುಂಚೆಯೇ. "ಏನ್ ಅಳಾಕ ಹತ್ಯಾರ್ರಿ! ಮಾಲಕರು ಎದ್ದ ನಿಂತಾರ!"

"ಕಲ್ಲಪ್ಪಾ, ಚಿಲಕ ತಗಿ! ಒಳಗ ಹೊಗಿ ಐತಿ!"

"ಆಂ? ಹೊಗಿ ಸೀನ್ ಏನ್ರಿ?"

"ಸೀನ್ ಅಲ್ಲೋ! ಚಿಲಕ ತಗಿ!"

"ಇನ್ನಾ ಮುಗದಿಲ್ಲಲ್ರಿ. ಈಗ ತಗದ್ರ ಬೆಳಕ ಬೀಳ್ತೈತಿ."

ಫೋನನ್ನು ಅಲ್ಲೇ ಬಿಸಾಕಿದೆ. ಥಿಯೇಟರಿನ ಒಳಗಿನ ದೀಪಗಳನ್ನು ಹಾಕಿದೆ. ಒಂದು ಸಲ ಬೆಳಗಿ ಎಲ್ಲವೂ ಒಟ್ಟಿಗೆ ಹೋದವು. ಪ್ರೊಜೆಕ್ಟರೂ ಹೋಯಿತು. ತಾಯಿಯ ಅಳು ಅರ್ಧಕ್ಕೆ ಕಡಿಯಿತು, ಒಳಗಿನ ಜನರ ಅಳು ಉಳಿಯಿತು. ಆ ಸದ್ದನ್ನು ಹೇಗೆ ಬರೆಯಲಿ? ಸಂಗೀತವಿಲ್ಲದ ಅಳು. ಕ್ಯಾಬಿನ್ನಿನ ಮೆಟ್ಟಿಲು ಇಳಿಯುವಷ್ಟು ಹೊತ್ತೂ ಅದು ನನ್ನ ಬೆನ್ನ ಹಿಂದೆಯೇ ಇತ್ತು.

ಕೆಳಗೆ ವರಾಂಡದಲ್ಲಿ ಮಾಲಕರು ಹಿಂದಿನ ಸಾಲಿನಿಂದ ಮುಂಬಾಗಿಲಿಗೆ ಓಡಿ ಬಂದ ಕೆಲವರನ್ನು ತಡೆದು ಕೇಳುತ್ತಿದ್ದರು: "ಯಾಕ್ರಿ, ಇಷ್ಟ್ ಲಗೂ ಮುಗೀತೇನು?" ನಾನು ಅವರನ್ನು ತಳ್ಳಿಕೊಂಡೇ ಪಕ್ಕದ ಓಣಿಗೆ ಓಡಿದೆ. ಉಳಿದವರೆಲ್ಲ ಪಕ್ಕದ ಬಾಗಿಲುಗಳಿಗೇ ಬಿದ್ದಿದ್ದರು. ಪ್ರತಿ ಸಲ ಮನೆಗೆ ಹೋಗುವುದು ಆ ದಾರಿಯಿಂದಲೇ. ಕಾಲು ಅಭ್ಯಾಸವಾದ ಕಡೆಗೇ ಹೋಗುತ್ತದೆ. ಆ ಎರಡರಲ್ಲಿ ಒಂದಕ್ಕೆ ಸಾಲಾಗಿ ಮೋಟರ್‌ಸೈಕಲ್ಲುಗಳನ್ನು ಆನಿಸಿ ನಿಲ್ಲಿಸಿದ್ದರು, ಕಲ್ಲಪ್ಪನದೇ ವ್ಯವಸ್ಥೆ. ಇನ್ನೊಂದು, ಮುನಿಯಮ್ಮ ಕೂತ ಬಾಗಿಲು, ತೆರವಾಗಿತ್ತು. ಚಿಲಕಕ್ಕೆ ಕೈ ಹಾಕಿ ಎಳೆದೆ. ಅಲ್ಲಾಡಲಿಲ್ಲ.

ಹುಡುಗರೇ, ಇದನ್ನು ಗಮನವಿಟ್ಟು ಓದಿ. ಹೊರಕ್ಕೆ ತೆರೆಯುವ ಬಾಗಿಲಿಗೆ ಒಳಗಿನಿಂದ ಇಷ್ಟು ಜನರ ಭಾರ ಬಿದ್ದರೆ ಹೊರಗಿನ ಚಿಲಕ ಬಿಗಿದುಕೊಳ್ಳುತ್ತದೆ. ಅವರು ತಳ್ಳಿದಷ್ಟೂ ಅದು ಕಚ್ಚುತ್ತದೆ. ಬದುಕಲು ಮಾಡುವ ಪ್ರಯತ್ನವೇ ಬಾಗಿಲನ್ನು ಮುಚ್ಚಿ ಹಿಡಿಯುತ್ತದೆ. ಇಷ್ಟು ಫಿಸಿಕ್ಸ್ ನನಗೆ ಗೊತ್ತಿತ್ತು, ಗೊತ್ತಿದ್ದೂ ಏನೂ ಮಾಡಲಾಗಲಿಲ್ಲ. "ಹಿಂದ ಸರೀರಿ, ಹಿಂದ ಸರೀರಿ" ಎಂದು ಬಾಗಿಲಿಗೆ ಬಾಯಿ ಹಚ್ಚಿ ಕೂಗಿದೆ. ಯಾರು ಕೇಳುತ್ತಾರೆ? ಹಲಗೆಯ ಸಂದಿನಿಂದ ಹೊಗೆ ಹೊರಗೆ ಬರುತ್ತಿತ್ತು, ಅದರ ಜೊತೆ ಒಂದು ಮಗುವಿನ ಬೆರಳುಗಳು.

ಆಗ ಒಳಗಿನಿಂದ, ಕೆಳಗಿನಿಂದ, ಕೂತವರ ಎತ್ತರದಿಂದ, ಮುನಿಯಮ್ಮನ ದನಿ ಬಂತು.

"ಯಾರು, ಆಪರೇಟರಾ?"

"ಹೌದ್ ಅಜ್ಜಿ! ಎಲ್ಲಾರ್ನೂ ಹಿಂದ ಸರಸ್ರಿ! ಚಿಲಕ ಸಿಕ್ಕಾಕ್ಕೊಂಡೈತಿ!"

ಮುಂದೆ ಅವಳು ತಮಿಳಿನಲ್ಲಿ ಕೂಗಿದ್ದರಲ್ಲಿ ನನಗೆ ತಿಳಿದದ್ದು 'ಪಿನ್ನಾಡಿ', ಹಿಂದಕ್ಕೆ ಎನ್ನುವುದೊಂದೇ. ಉಳಿದವೆಲ್ಲ ಬೈಗುಳವಿರಬೇಕು. ಅಣೆಕಟ್ಟಿನ ಮೇಲೆ ಕಲ್ಲು ಹೊತ್ತ ಸಾಲನ್ನು ನಿಲ್ಲಿಸುತ್ತಿದ್ದ ದನಿ ಅದು. ಹೆಸರು ಹಿಡಿದು ಕರೆದು ಬೈದಳು. ಮಗನನ್ನು, ಸೊಸೆಯನ್ನು, ಪಕ್ಕದ ಮನೆಯವನನ್ನು. ಹೆಸರು ಕೇಳಿದವನು ಒಂದು ಹೆಜ್ಜೆ ಹಿಂದೆ ಹೋದ, ಅವನ ಹಿಂದಿನವನು ಇನ್ನೊಂದು. ಹಲಗೆ ಒಂದು ಕೂದಲಿನಷ್ಟು ಒಳಗೆ ಹೋದದ್ದು ನನ್ನ ಅಂಗೈಗೆ ತಿಳಿಯಿತು. ಅಷ್ಟರಲ್ಲಿ ಓಡಿ ಬಂದಿದ್ದ ಕಲ್ಲಪ್ಪ ಕಲ್ಲಿನಿಂದ ಚಿಲಕದ ತುದಿಗೆ ಒಂದೇ ಏಟು ಹಾಕಿದ. ಬಾಗಿಲು ತೆರೆಯಿತು, ನಾವಿಬ್ಬರೂ ಅದರ ಹಿಂದೆ ಗೋಡೆಗೆ ಅಪ್ಪಚ್ಚಿಯಾದೆವು.

ಎಲ್ಲರೂ ಹೊರಬಂದರು. ಒಬ್ಬಳ ಕೈ ಮುರಿದಿತ್ತು, ಹಲವರು ಕೆಮ್ಮುತ್ತ ಕೆಮ್ಮುತ್ತ ನೆಲಕ್ಕೆ ಕೂತರು. ಸಂದಿನಲ್ಲಿ ಬೆರಳು ತೂರಿಸಿದ್ದ ಮಗುವಿನ ಉಗುರು ಕಿತ್ತಿತ್ತು, ಅಷ್ಟೇ. ಮುನಿಯಮ್ಮನನ್ನು ಕೊನೆಗೆ ಕುರ್ಚಿ ಸಮೇತ ಎತ್ತಿ ತಂದರು. ಮುಖವೆಲ್ಲ ಮಸಿ. ನನ್ನನ್ನು ನೋಡಿ ಅಂದಳು: "ಆ ಅಮ್ಮ ಸಾಯೂಕ್ಕಿಂತ ಮೊದ್ಲ ನಮ್ಮನ್ನ ಸಾಯಸ್ತಿದ್ರಲ್ಲೋ."

ಅವತ್ತಿಗೆ ಕತೆ ಮುಗಿಯಬೇಕಿತ್ತು. ನನ್ನ ತಾಳ್ಮೆ ಕೆಟ್ಟಿದ್ದೇ ಅಲ್ಲಿಂದ ಮುಂದೆ.

"ಯಾರೂ ಸತ್ತಿಲ್ಲಲ್ಲ?" ಅಂದರು ಮಾಲಕರು ಮರುದಿನ. "ಬರೇ ಹೊಗಿ. ಉರಿ ಎಲ್ಲಿತ್ತು?" ಬ್ಯಾಟರಿಗಳನ್ನು ಹೊರಗೆ ಹಾಕಿಸಿದರು, ಪರದೆಯ ಕೆಳಭಾಗ ತೊಳೆಸಿದರು, ಸುಣ್ಣ ಬಳಿಸಿದರು. ಮತ್ತೆ ಸಿನಿಮಾ ಶುರುವಾದ ಶುಕ್ರವಾರ ಮ್ಯಾಟಿನಿಗೆ ನಾನು ಓಣಿಗೆ ಹೋಗಿ ನೋಡಿದರೆ ಬಡಿತಕ್ಕೆ ಡೊಂಕಾದ ಅದೇ ಚಿಲಕವನ್ನು ನೆಟ್ಟಗೆ ಮಾಡಿ ಮತ್ತೆ ಹಾಕಿದ್ದರು.

"ಏನೋ ಇದು ಕಲ್ಲಪ್ಪಾ?"

"ಮಾಲಕರು ಹೇಳ್ಯಾರ್ರಿ. ಬೆಳಕ ಬೀಳ್ತೈತಂತ ಜನ ಬೈತಾರ."

"ಅವತ್ತ ನೀನ ಕಲ್ಲ ತಗೊಂಡ ಬಡದ್ಯಲ್ಲೋ!"

"ಬಡದ ತಗದ್ವಿಲ್ಲರಿ? ತಗ್ಯಾಕ ಬರ್ತೈತಿ ಅಂತ ಗೊತ್ತಾತಲ್ಲ."

ಒಂದು ದಿನ ನಾನೇ ಸ್ಕ್ರೂಡ್ರೈವರ್ ತಂದು ಎರಡೂ ಚಿಲಕ ಕಿತ್ತು ಚೀಲಕ್ಕೆ ಹಾಕಿಕೊಂಡು ಹೋದೆ. ಮರುದಿನ ಅವುಗಳಿಗಿಂತ ದಪ್ಪನೆಯವು ಬಂದಿದ್ದವು, ಬೋಲ್ಟು ಹಾಕಿ ಬಿಗಿದಿದ್ದರು. ತಪಾಸಣೆಯ ಅಧಿಕಾರಿಗಳಿಗೆ ದೂರು ಕೊಟ್ಟೆ. ಬಂದು ನೋಡಿದರು, ಅವತ್ತು ಚಿಲಕ ಇರಲಿಲ್ಲ. "ಇವರು ಭಾಳ ಓದ್ಯಾರ್ರಿ, ಹಿಂಗಾಗಿ ಹೆದರಿಕಿ ಜಾಸ್ತಿ" ಎಂದು ಮಾಲಕರು ನನ್ನ ಎದುರಿಗೇ ಅವರಿಗೆ ಸೋಡಾ ಕೊಟ್ಟರು. ಆಪರೇಟರ್ ಸುಮ್ಮನೆ ಗಾಬರಿಯಾಗಿ ಚಿತ್ರ ನಿಲ್ಲಿಸಿದ್ದಕ್ಕೇ ಗದ್ದಲವಾಯಿತು ಎಂದು ಊರಲ್ಲಿ ಸುದ್ದಿಯೂ ಹಬ್ಬಿತು. ಆಮೇಲೆ ಪ್ರತಿ ಶೋಗೂ ಚಿತ್ರ ಹಚ್ಚಿ ನಾನೇ ಕೆಳಗಿಳಿದು ಚಿಲಕ ಸರಿಸಿ ಬರುತ್ತಿದ್ದೆ, ಕಲ್ಲಪ್ಪ ನನ್ನ ಹಿಂದೆಯೇ ಬಂದು ಹಾಕುತ್ತಿದ್ದ. ನಿವೃತ್ತಿಯಾಗುವ ತನಕ ನಮ್ಮಿಬ್ಬರದು ಇದೇ ಕೆಲಸ.

ನನ್ನ ನಿದ್ದೆ ಕೆಟ್ಟಿತು. ಕಣ್ಣು ಮುಚ್ಚಿದರೆ ಅಂಗೈಯಲ್ಲಿ ಅಲ್ಲಾಡದ ಚಿಲಕ, ಸಂದಿನಲ್ಲಿ ಬೆರಳು. ಎದ್ದು ಮನೆಯ ಬಾಗಿಲು ತೆರೆದು ನೋಡುವುದು, ಮತ್ತೆ ಮಲಗುವುದು, ಮತ್ತೆ ಏಳುವುದು. ಮನೆಯೊಳಗಿನ ಚಿಲಕಗಳನ್ನೆಲ್ಲ ಕಿತ್ತು ಹಾಕಿದೆ, ಬಚ್ಚಲದ್ದನ್ನೂ. ಸುಮಿತ್ರಾ ಸ್ನಾನಕ್ಕೆ ಹೋದಾಗ ಒಳಗೆ ಯಾರೋ ಇದ್ದಾರೆಂದು ತಿಳಿಯಲಿ ಎಂದು ತಂಬಿಗೆ ಬಡಿಯುತ್ತಿದ್ದಳು. "ಬೀಗರು ಬಂದಾಗ ಏನ್ ಮಾಡ್ಲಿ? ಹಾಡ್ಲ್ಯಾ?" ಎಂದು ಒಮ್ಮೆ ರೇಗಿದಳು. ಅವಳದೂ ನ್ಯಾಯವೇ.

ನಿವೃತ್ತಿಯಾದ ಮೇಲೂ ಏನೂ ಬದಲಾಗಲಿಲ್ಲ. ಥಿಯೇಟರಿನಲ್ಲಿ ನಾನಿಲ್ಲ, ಈಗ ಚಿಲಕ ಸರಿಸುವವರೂ ಇಲ್ಲ ಎನ್ನುವುದು ಇನ್ನೂ ಕೆಟ್ಟದಾಗಿತ್ತು. ಕೊನೆಗೆ ಸಿನಿಮಾ ನಡೆಯದೆ ಮಾಲಕರು ಅದನ್ನು ಕಲ್ಯಾಣ ಮಂಟಪ ಮಾಡಿದರು. ಪರದೆ ಇದ್ದಲ್ಲಿ ಮದುವೆಯ ವೇದಿಕೆ. ನನಗೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಈಗ ಹೋಮದ ಬೆಂಕಿ, ಒಲೆ, ಗ್ಯಾಸು, ಬಟ್ಟೆಯ ಅಲಂಕಾರ, ಅದೇ ಬಾಗಿಲು.

ಮೊನ್ನೆ ಅಲ್ಲಿ ಮುನಿಯಮ್ಮನ ಮರಿಮೊಮ್ಮಗಳ ಮದುವೆಯಿತ್ತು. ಅಕ್ಷತೆ ಹಾಕುವುದಕ್ಕೂ ಮೊದಲು ನಾನು ಓಣಿಗೆ ಹೋದೆ. ಎರಡೂ ಬಾಗಿಲುಗಳು ಅಗಲವಾಗಿ ತೆರೆದಿದ್ದವು. ಚೌಕಟ್ಟಿನಲ್ಲಿ ಚಿಲಕವಿದ್ದ ಜಾಗದಲ್ಲಿ ಮೇಣ ತುಂಬಿ ಬಣ್ಣ ಬಳಿದಿದ್ದರು. ಕೈಯಿಂದ ಸವರಿ ನೋಡುತ್ತಿದ್ದಾಗ ಸಾರಿನ ಬಕೆಟ್ ಹಿಡಿದ ಕಲ್ಲಪ್ಪ ಎದುರಾದ. ಈಗ ಅವನು ಅಲ್ಲಿ ಊಟದ ಉಸ್ತುವಾರಿ.

"ಸರೀರಿ ಸರ, ಬಿಸಿ ಐತಿ."

"ಚಿಲಕ ಎಲ್ಲೋ?"

"ನಾನ ಕಿತ್ತೇನ್ರಿ."

"ನೀನ?"

"ಮತ್ತೇನ್ ಮಾಡ್ಲಿ? ಅಡಗಿ ಮನಿ ಹೊರಗ ಐತಿ. ಕೈಯಾಗ ಸಾರ ಹಿಡ್ಕೊಂಡು ಚಿಲಕ ತಗ್ಯಾಕ ಆಗ್ತೈತೇನು? ಮಾಲಕರೂ ಬ್ಯಾಡ ಅನಲಿಲ್ಲ. ಬರ್ರಿ, ಪಂಗ್ತಿ ಕುಂದ್ರಸಾಕತ್ತಾರ."

ಇಷ್ಟು ವರ್ಷ ನನ್ನ ಮಾತಿಗೆ, ಹೊಗೆಗೆ, ಕಿತ್ತ ಉಗುರಿಗೆ ಜಗ್ಗದ ಚಿಲಕ ಒಂದು ಬಕೆಟ್ ಸಾರಿಗೆ ಜಗ್ಗಿತು. ನಗಬೇಕೋ, ಬಕೆಟ್ ಕಸಿದು ಅವನ ತಲೆಗೆ ಸುರಿಯಬೇಕೋ ತಿಳಿಯದೆ ನಿಂತೆ.

ಮುನಿಯಮ್ಮ ಅದೇ ಬಾಗಿಲ ಬಳಿ ಅದೇ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದಳು. ಹೊರಗಿನ ಬಿಸಿಲು ಅವಳ ಮಡಿಲಿಗೆ ಬಿದ್ದಿತ್ತು.

"ಏನ್ ಆಪರೇಟರ್, ಸಿನಿಮಾದಾಗ ಆ ಅಮ್ಮ ಸತ್ತಳೋ ಇಲ್ಲೋ?"

"ನಿಮಗ ಗೊತ್ತಿಲ್ಲೇನ್ ಅಜ್ಜಿ? ಮೊದ್ಲ ನೋಡೀರಲ್ಲ."

"ಅವಾಗ ಸತ್ತಿದ್ಲು. ಈ ಸಲ ನಾನು ನೋಡಿಲ್ಲ. ಕುಂತ್ಕೊ, ಊಟ ಮಾಡು."

ಉಂಡೆ. ಎರಡು ಸಲ ಸಾರು ಹಾಕಿಸಿಕೊಂಡೆ. ಮನೆಗೆ ಬಂದು ಸಂಜೆ ಸುಮ್ಮನೆ ಅಡ್ಡಾದವನು ಕಣ್ಣು ಬಿಟ್ಟಾಗ ಕಿಟಕಿಯಲ್ಲಿ ಬಿಸಿಲಿತ್ತು, ಮರುದಿನದ್ದು. ಸುಮಿತ್ರಾ ಚಹಾ ಹಿಡಿದುಕೊಂಡು ನಿಂತಿದ್ದಳು.

"ಬಡಿಗ್ಯಾನ್ನ ಕರಸಿ ಬಚ್ಚಲಕ್ಕ ಚಿಲಕ ಹಾಕಸೇನಿ" ಅಂದಳು. "ಅಷ್ಟ್ ಬಡದ್ರೂ ಎಚ್ಚರಾಗಲಿಲ್ಲ ನೀವು."

ಎದ್ದು ಹೋಗಿ ನೋಡಿದೆ. ಒಳಗಿನಿಂದಲೇ ಹಾಕಿಸಿದ್ದಳು.